ತೈಲ ಕಂಪನಿ ಕೇಳುವ ಬಿಆರ್‌ಎಸ್‌ಆರ್ ಲೆಕ್ಕ: ತುಂಬಿ ಕೊಟ್ಟವರು ಅನುಭವ ಹೇಳ್ರಿ

ತಾರಿಹಾಳ ವಾಲ್ವ್: ನಮ್ಮದು 50 ಮಂದಿಯ ವಾಲ್ವ್ ಶಾಪ್. ಮಾಲು ದೊಡ್ಡ ತೈಲ ಕಂಪನಿಯೊಂದಕ್ಕೆ ಹೋಗ್ತದ. ಅವರ ಬಿಆರ್‌ಎಸ್‌ಆರ್‌ಗೆ (ಷೇರುಪೇಟೆ ನಿಯಂತ್ರಕ ಸೆಬಿ ಲಿಸ್ಟೆಡ್ ಕಂಪನಿಗಳಿಂದ ಕೇಳೋ ಸಸ್ಟೈನಬಿಲಿಟಿ ವರದಿ) ಬೇಕಂತ ವರ್ಷದ ಕರೆಂಟು, ಡೀಸೆಲ್, ನೀರು, ವೇಸ್ಟ್, ಅಪಘಾತದ ಲೆಕ್ಕ ಕೇಳಿ ಎಕ್ಸೆಲ್ ಕಳಿಸ್ಯಾರ. ಕನ್ಸಲ್ಟಂಟ್ ಹಿಡೀಬೇಕೋ, ನಾವೇ ತುಂಬಬಹುದೋ?

ಗೋಕುಲ ರೋಡ್ ಮಷಿನ್ ಶಾಪ್: ಕನ್ಸಲ್ಟಂಟ್ ಬ್ಯಾಡ್ರಿ. ನಾವೇ ತುಂಬಿ ಕೊಟ್ಟೀವಿ, ಒಂದು ಸಾಲೂ ವಾಪಸ್ ಬಂದಿಲ್ಲ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಹೆಸ್ಕಾಂ ಬಿಲ್ ತಗೀರಿ. ರೀಡಿಂಗ್ ತಿಂಗಳ ನಡುವ ಆಗಿದ್ರ ಮೊದಲನೇದು, ಕಡೀದು ಎರಡೇ ಬಿಲ್ ದಿನದ ಲೆಕ್ಕದಾಗ ಪಾಲು ಹಾಕ್ರಿ. ಯೂನಿಟ್ಟನ್ನ 3.6ರಿಂದ ಗುಣಿಸಿದ್ರ ಮೆಗಾಜೂಲ್. ಇಂಗಾಲಕ್ಕ ಕೇಂದ್ರ ವಿದ್ಯುತ್ ಪ್ರಾಧಿಕಾರ (ಸಿಇಎ) ಕೊಡೋ ಗ್ರಿಡ್ ಅಂಕಿ, 2023-24ಕ್ಕ ಯೂನಿಟ್ಟಿಗೆ 0.727 ಕೆಜಿ ಸಿಒ2. ಅಂದ್ರ 1 ಲಕ್ಷ ಯೂನಿಟ್ಟಿಗೆ 72.7 ಟನ್, ಇದು ಸ್ಕೋಪ್ 2, ಅಂದ್ರ ಕೊಂಡ ಕರೆಂಟಿನ ಹೊಗೆ. ಜನರೇಟರ್ ಡೀಸೆಲ್ ಲೀಟರಿಗೆ 2.68 ಕೆಜಿ, ಇದು ಸ್ಕೋಪ್ 1, ಅಂದ್ರ ನಮ್ಮ ಜಾಗದಾಗ ನೇರ ಬರೋ ಹೊಗೆ. ವೆಲ್ಡಿಂಗಿನ ಸಿಒ2 ಸಿಲಿಂಡರ್ ಬಿಡಬ್ಯಾಡ್ರಿ, ಒಳಗ ಎಷ್ಟು ಕೆಜಿ ಗ್ಯಾಸ್ ಇತ್ತೋ ಅಷ್ಟೂ ಸ್ಕೋಪ್ 1. ಎಲ್ಲಾರೂ ಎಡವೋದು ಸೋಲಾರಿನಾಗ: ಗ್ರಿಡ್‌ನಿಂದ ತಗೊಂಡದ್ದರಾಗ (ಇಂಪೋರ್ಟ್) ಗ್ರಿಡ್‌ಗೆ ಕೊಟ್ಟದ್ದು (ಎಕ್ಸ್‌ಪೋರ್ಟ್) ಕಳೆದ ಬಿಲ್ಲಿನ ನೆಟ್ ಯೂನಿಟ್ ಹಾಕ್ತಾರ. ಗ್ರಿಡ್ ಕಾಲಮ್ಮಿಗೆ ಇಂಪೋರ್ಟ್ ಪೂರಾ ಹಾಕ್ರಿ. ಉತ್ಪಾದನೆಯಿಂದ ಎಕ್ಸ್‌ಪೋರ್ಟ್ ಕಳೆದು ಉಳಿದದ್ದು ರಿನ್ಯೂವಬಲ್ ಕಾಲಮ್ಮಿಗೆ.

ರಾಯಾಪುರ ಫೌಂಡ್ರಿ: ಹಂಗ ಹಗುರ ಮಾಡಿ ಹೇಳಬ್ಯಾಡ್ರಿ. ನಾವು ಒಂದೂವರೆ ಲಕ್ಷ, ಮ್ಯಾಲ 18% ಜಿಎಸ್‌ಟಿ, ಒಟ್ಟು 1.77 ಲಕ್ಷ ಕೊಟ್ಟು ಮಾಡಿಸೀವಿ, ಕೊಟ್ಟದ್ದು ಸರಿ ಐತಿ. ಅಂಕಿ ತುಂಬೋದು ದೊಡ್ಡದಲ್ಲ, ಅದರ ಹಿಂದಿನ ಕಾಗದ ದೊಡ್ಡದು. ಬೋರ್‌ವೆಲ್ಲಿಗೆ ಮೀಟರಿಲ್ಲಂದ್ರ ನೀರಿನ ಅಂಕಿಗೆ ಆಧಾರನ ಇಲ್ಲ. ಪಂಪಿನ ತಾಸು ಗುಣಿಸಿ ತಂದ ಲೆಕ್ಕ ಅಂದಾಜು ಅಂತ ಬರೀಬೇಕು, ಅಳತೆ ಅಂತ ಅಲ್ಲ. ಯೂಸ್ಡ್ ಆಯಿಲ್ ಮಾರಿದ್ದಕ್ಕ ಫಾರ್ಮ್ 10 ಮ್ಯಾನಿಫೆಸ್ಟ್ (ಅಪಾಯಕಾರಿ ವೇಸ್ಟ್ ಸಾಗಿಸಿದ ಚೀಟಿ) ಬೇಕು, ಮಾಲಿನ್ಯ ನಿಯಂತ್ರಣ ಮಂಡಳಿಗೆ ಜೂನ್ 30ರ ಒಳಗ ಕೊಡೋ ವರ್ಷದ ಲೆಕ್ಕ ಫಾರ್ಮ್ 4ರಾಗಿನ ಅಂಕಿಗೂ ಅದು ಕೂಡಬೇಕು. ಕೂಡಲಿಲ್ಲ ಅಂದ್ರ ಮೊದಲ ಪ್ರಶ್ನೆನ ಅದು.

ಅಪಘಾತದ ಸಾಲು ಇನ್ನೂ ಬಿರುಸು. ಬಿಆರ್‌ಎಸ್‌ಆರ್ ಕೇಳೋದು 10 ಲಕ್ಷ ತಾಸಿಗೆ ಎಷ್ಟು ಗಾಯ ಅಂತ. ಅಮೆರಿಕದ ಪದ್ಧತಿ 2 ಲಕ್ಷ ತಾಸಿಂದು. 50 ಮಂದಿ, ತಲೆಗೆ 2,400 ತಾಸು, ಒಟ್ಟು 1.2 ಲಕ್ಷ. ಕೆಲಸ ತಪ್ಪಿಸಿದ ಗಾಯ ಒಂದೇ ಇದ್ರೂ 8.3 ಬರ್ತದ, ಅಮೆರಿಕದ ಸೂತ್ರ ಹಾಕಿದ್ರ 1.67. ಗುತ್ತಿಗೆ ಕಾರ್ಮಿಕರ ಲೆಕ್ಕ ಬಿಡಬ್ಯಾಡ್ರಿ, ಈ ಸಾಲಿನ್ಯಾಗ ಅವರನ್ನೂ ಕೂಡಿಸ್ರಿ.

ಗೋಕುಲ ರೋಡ್ ಮಷಿನ್ ಶಾಪ್: ಇದಕ್ಕ 1.77 ಲಕ್ಷ ಯಾಕ್ರೀ? ಮ್ಯಾನಿಫೆಸ್ಟ್ ನಿಮ್ಮ ಕಪಾಟಿನಾಗಿಂದು, ಮೀಟರ್ ನೀವೇ ಕೂಡಿಸಬೇಕಾದ್ದು. ಕನ್ಸಲ್ಟಂಟ್ ತಂದದ್ದು ಫೈಲಿನ ರಟ್ಟು ಅಷ್ಟ.

ಹಾವೇರಿ ಆಡಿಟ್: ಇಬ್ಬರೂ ಸ್ವಲ್ಪ ನಿಲ್ಲಿ. ವಾಲ್ವ್ ಶಾಪ್‌ನವರಿಗೆ ಇದು ಕಾನೂನಿನ ಕಡ್ಡಾಯವೇ ಅಲ್ಲ. ಸೆಬಿ ಪ್ರಕಾರ ವ್ಯಾಲ್ಯೂ ಚೈನ್‌ನ (ಪೂರೈಕೆದಾರರು, ಗಿರಾಕಿಗಳು) ವಿವರ ಮೊದಲ 250 ಲಿಸ್ಟೆಡ್ ಕಂಪನಿಗಳಿಗೆ, 2025-26ರಿಂದ, ಅದೂ ಸ್ವಯಂಪ್ರೇರಿತ. ಕಂಪನಿಯ ಖರೀದಿ ಅಥವಾ ಮಾರಾಟದಲ್ಲಿ ಒಬ್ಬೊಬ್ಬರದೇ 2% ಅಥವಾ ಹೆಚ್ಚು ಪಾಲಿರುವವರು ಮಾತ್ರ ಅದರೊಳಗೆ ಬರುತ್ತಾರೆ. ರಿಫೈನರಿಯ ಖರೀದಿಯಲ್ಲಿ ಸಿಂಹಪಾಲು ಕಚ್ಚಾ ತೈಲದ್ದೇ. ತಾರಿಹಾಳದ ವಾಲ್ವ್ ಆ 2%ರ ಹತ್ತಿರವೂ ಸುಳಿಯುವುದಿಲ್ಲ.

ರಾಯಾಪುರ ಫೌಂಡ್ರಿ: ಕಾನೂನು ನಮಗೂ ಗೊತ್ತೈತ್ರಿ. ವೆಂಡರ್ ರಿಜಿಸ್ಟ್ರೇಷನ್ ರದ್ದಾದ್ರ ಸೆಬಿಯವರು ಬಂದು ಆರ್ಡರ್ ಕೊಡ್ತಾರೇನು?

ಹಾವೇರಿ ಆಡಿಟ್: ತುಂಬಬೇಡಿ ಎಂದು ನಾನು ಎಲ್ಲಿ ಹೇಳಿದೆ? ಕರಾರಿನ ಯಾವ ಷರತ್ತಿನ ಮೇಲೆ ಕೇಳುತ್ತಿದ್ದೀರಿ ಎಂದು ಮೊದಲು ಬರಹದಲ್ಲಿ ತರಿಸಿಕೊಳ್ಳಿ. ಆಮೇಲೆ ಅಷ್ಟನ್ನೇ ಕೊಡಿ.

ಗದಗ ಪೈಪ್‌ಲೈನ್: ನಮ್ಮಂಥವರ ಸಿಲಿಂಡರ್ ಎಣಸೂ ಮಂದಿ ತಮ್ಮ ವರದಿ ಹೆಂಗ ಬರೀತಾರ ಅದನ್ನೂ ಓದ್ರಿ. ತೈಲ ಕಂಪನಿಯ ಹೊಗೆಯ ದೊಡ್ಡ ಪಾಲು ಮಾರಿದ ಪೆಟ್ರೋಲು, ಡೀಸೆಲ್ ಗಿರಾಕಿ ಸುಟ್ಟಾಗ ಬರೋದು: ಸ್ಕೋಪ್ 3, 11ನೇ ವರ್ಗ. ಬಿಆರ್‌ಎಸ್‌ಆರ್‌ನ್ಯಾಗ ಸ್ಕೋಪ್ 1, 2 ಎಸೆನ್ಷಿಯಲ್ (ಕೊಡಲೇಬೇಕಾದ್ದು), ಸ್ಕೋಪ್ 3 ಮಾತ್ರ ಲೀಡರ್‌ಶಿಪ್ (ಇಷ್ಟ ಇದ್ರ ಕೊಡೋದು). ಕೊಡದಿದ್ರೂ ನಡೀತದ. ಎರಡನೇದು, ಒಂದು ರೂಪಾಯಿ ವಹಿವಾಟಿಗೆ ಎಷ್ಟು ಹೊಗೆ ಅನ್ನೋ ಲೆಕ್ಕ. ಕಚ್ಚಾ ತೈಲದ ದರ ಏರಿದ ವರ್ಷ ವಹಿವಾಟು ಉಬ್ಬತದ, ಹೊಗೆ ಒಂದು ಟನ್ ಕಡಿಮಿ ಆಗದಿದ್ರೂ ಅಂಕಿ ಇಳೀತದ. ಅದಕ್ಕ ರಿಫೈನರಿದು ಎಂಬಿಎನ್ (ಬ್ಯಾರೆಲ್ಲಿಗೆ ಎಷ್ಟು ಶಕ್ತಿ ಖರ್ಚಾತು ಅನ್ನೋ, ರಿಫೈನರಿಯ ರಚನೆಗೆ ಹೊಂದಿಸಿದ ಅಳತೆ) ನೋಡಬೇಕು, ರೂಪಾಯಿ ಲೆಕ್ಕ ಅಲ್ಲ. ಮೂರನೇದು ಮೀಥೇನ್. 1 ಟನ್ ಸೋರಿದ್ರ 100 ವರ್ಷದ ಲೆಕ್ಕದಾಗ 28 ಟನ್ ಸಿಒ2, 20 ವರ್ಷದ ಲೆಕ್ಕದಾಗ 84. ಯಾವ ಲೆಕ್ಕ ಹಿಡಿದಾರ ಅಂತ ಅಡಿಟಿಪ್ಪಣಿ ನೋಡ್ರಿ. ಸೋರಿಕೆ ಸೈಟಿನಾಗ ಅಳದದ್ದೋ, ವಾಲ್ವ್ ಎಣಿಸಿ ಫ್ಯಾಕ್ಟರ್ ಗುಣಿಸಿದ್ದೋ, ಅದನ್ನೂ.

ಗೋಕುಲ ರೋಡ್ ಮಷಿನ್ ಶಾಪ್: ಸೋರಿಕೆಗೆ ವಾಲ್ವಿನ ಮ್ಯಾಲ ಗೂಬೆ ಕೂಡಿಸಬ್ಯಾಡ್ರಿ. ನಮ್ಮದಕ್ಕ ವಾಲ್ವ್ ಸೋರಿಕೆ ಟೆಸ್ಟಿನ ಐಎಸ್‌ಒ 15848 ಸರ್ಟಿಫಿಕೇಟ್ ಐತಿ.

ಗದಗ ಪೈಪ್‌ಲೈನ್: ಅದರಾಗ ಎಸ್‌ಎಸ್‌ಎ (ಸ್ಟೆಮ್, ಅಂದ್ರ ವಾಲ್ವಿನ ಕಡ್ಡಿಯ ಸೀಲ್ ಎಷ್ಟು ಸಲ ಬಿಗಿ ಮಾಡ್ಯಾರ) ಮುಂದ ಎಷ್ಟು ಬರದೈತಿ ನೋಡ್ರಿ. 1 ಇದ್ರ ಟೆಸ್ಟಿನ ನಡುವ ಆ ಸೀಲ್ ಒತ್ತೋ ಗ್ಲ್ಯಾಂಡ್ ಒಮ್ಮೆ ಬಿಗಿ ಮಾಡ್ಯಾರ ಅಂತ ಅರ್ಥ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಮಾನದಂಡ ಎಪಿಐ 624ರಾಗ ಆ ಅವಕಾಶ ಇಲ್ಲ: ಮೀಥೇನ್ ತುಂಬಿ 310 ಸಲ ತೆರೆದು ಮುಚ್ಚಬೇಕು, ನಡುವ 3 ಸಲ ಕಾಸಿ ಆರಿಸಬೇಕು, ಸೋರಿಕೆ 100 ಪಿಪಿಎಂ ದಾಟಿದ್ರ ಫೇಲ್.

ಗೋಕುಲ ರೋಡ್ ಮಷಿನ್ ಶಾಪ್: 624 ಗೇಟ್, ಗ್ಲೋಬ್‌ನಂಥ ಸ್ಟೆಮ್ ಏರೋ ವಾಲ್ವಿಗೆ. ನಮ್ಮದು ಬಾಲ್ ವಾಲ್ವ್. ಅದಕ್ಕ 641, 610 ಸಲ. ಮಾನದಂಡ ಯಾವುದಂತ ನೋಡಿ ಮಾತಾಡ್ರಿ.

ತಾರಿಹಾಳ ವಾಲ್ವ್: ನಮ್ಮದು ಗೇಟ್ ವಾಲ್ವ್ ಅದ. ಬೋರ್‌ವೆಲ್ಲಿಗೆ ನಾಳೆ ಮೀಟರ್ ಕೂಡಸ್ತೀನಿ. ಹಿಂದಿನ ತಿಂಗಳದ ನೀರಿಗೆ ಪಂಪಿನ ತಾಸು ಸಾಕೇನ್ರಿ, ಟ್ಯಾಂಕರ್ ಬಿಲ್ಲೂ ಕೂಡಿಸಬೇಕೇನು?

ರಾಯಾಪುರ ಫೌಂಡ್ರಿ: ಟ್ಯಾಂಕರ್ ಮೂರನೇಯವರ ನೀರು, ಬ್ಯಾರೆ ಸಾಲು. ಬೋರ್‌ವೆಲ್ಲಿನ ಜೋಡಿ ಕಲಿಸಬ್ಯಾಡ್ರಿ.