ಹೊಳೆ ದಂಡೆಯಲ್ಲಿ ವಾಕಿಂಗ್‌ಗೂ ಸೈಕಲ್‌ಗೂ ಒಂದೇ ದಾರಿ: ನಿಮ್ಮ ಅನುಭವ ಹೇಳಿ

ಪ್ರಶ್ನೆ: ಬೆಂಗಳೂರಿನ ಕೆಂಗೇರಿ ಕಡೆ ವೃಷಭಾವತಿ ಹೊಳೆಯ ದಂಡೆಯಲ್ಲಿ ಒಂದು ದಾರಿ ಮಾಡಿಕೊಡಿ ಎಂದು ನಮ್ಮ ಬಡಾವಣೆಯವರು ಸೇರಿ ಕೇಳಬೇಕೆಂದಿದ್ದೇವೆ. ನಡೆಯುವವರಿಗೂ ಅದೇ, ಸೈಕಲ್‌ನವರಿಗೂ ಅದೇ. ಹಿರಿಯರು ಮಾತ್ರ ಸೈಕಲ್ ಬೇಡ ಅನ್ನುತ್ತಿದ್ದಾರೆ. ನಿಮ್ಮ ಕಡೆ ಹೇಗೆ?

ಉತ್ತರ: ಹಿರಿಯರ ಮಾತು ತಳ್ಳಿಹಾಕಬೇಡಿ. ನಮ್ಮ ಮನೆ ಹತ್ತಿರದ ಕೆರೆ ಏರಿ ಮೇಲೆ ಅಮ್ಮನಿಗೆ ಸೈಕಲ್ ತಗುಲಿತ್ತು. ಹುಡುಗ ಹಿಂದಿನಿಂದ ಬೆಲ್ ಹೊಡೆದ. ಅಮ್ಮ ಗಾಬರಿಯಲ್ಲಿ ಅವನು ಬರುತ್ತಿದ್ದ ಕಡೆಗೇ ಸರಿದರು. ಕೈ ತರಚಿದ್ದು ಅಷ್ಟೇ, ಆದರೆ ಆರು ತಿಂಗಳು ಅವರು ಆ ಕಡೆ ಹೋಗಲಿಲ್ಲ. ಅಲ್ಲಿ ದಾರಿ ಐದಡಿಯೂ ಇರಲಿಲ್ಲ. ಅದಕ್ಕೇ ಹೇಳುತ್ತೇನೆ, ಮೊದಲು ಟೇಪ್ ಹಿಡಿದು ಹೋಗಿ ಎಲ್ಲಕ್ಕಿಂತ ಇಕ್ಕಟ್ಟಾದ ಜಾಗ ಅಳೆಯಿರಿ. ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಬರೀ ಫುಟ್‌ಪಾತ್‌ಗೇ ಅಡ್ಡಿ ಇಲ್ಲದ 1.8 ಮೀಟರ್ ಅಗಲ ಬೇಕು. ಅದನ್ನು ಬಿಟ್ಟು ಸೈಕಲ್‌ಗೆ ಜಾಗ ಉಳಿಯದಿದ್ದರೆ, ಅಷ್ಟು ದೂರ ಇಳಿದು ತಳ್ಳಿಕೊಂಡು ಹೋಗಲಿ. ನಾವು ಕೊನೆಗೆ ಮಾಡಿದ್ದು ಅದನ್ನೇ. ಬೋರ್ಡ್ ಹಾಕಿ, ಮೊದಲ ವಾರ ನಾವೇ ನಿಂತು ಹೇಳಿದೆವು. ಬಿಳಿ ಗೆರೆ ಎಳೆದದ್ದು ಕೆಲಸಕ್ಕೆ ಬರಲಿಲ್ಲ. ಮೂರು ಜನ ಮಾತಾಡುತ್ತಾ ಬಂದರೆ ಗೆರೆ ದಾಟಿಯೇ ನಡೆಯುತ್ತಾರೆ.

ಇನ್ನೊಂದು ಮಾತು. ಸ್ಕೂಟರ್ ನುಗ್ಗುತ್ತವೆ ಅಂತ ಗೇಟಿನಲ್ಲಿ ಒತ್ತೊತ್ತಾಗಿ ಕಂಬ ನೆಡಬೇಡಿ. ಸ್ಕೂಟರ್ ಹ್ಯಾಂಡಲ್ಲೂ ವೀಲ್‌ಚೇರೂ ಹೆಚ್ಚುಕಡಿಮೆ ಒಂದೇ ಅಗಲ. ಒಂದನ್ನು ತಡೆದರೆ ಇನ್ನೊಂದೂ ಹೊರಗೇ ಉಳಿಯುತ್ತದೆ. ಕಾವಲಿಗೆ ಒಬ್ಬರನ್ನು ಇಡುವುದೇ ಮೇಲು.

ಉತ್ತರ: ನಮ್ಮದು ರಾಜಕಾಲುವೆ ಪಕ್ಕದ ದಾರಿ. ಚಂದದ ಟೈಲ್ಸ್ ಹಾಕಿದ್ದರು. ಮಳೆಗಾಲಕ್ಕೆ ಮುಂಚೆ ಹೂಳೆತ್ತಲು ಜೆಸಿಬಿ ಬಂತು, ಟೈಲ್ಸ್ ಎಲ್ಲ ಪುಡಿಯಾಯಿತು. ಜೆಸಿಬಿ ಬಂದೇ ಬರುತ್ತದೆ, ಅದರ ಭಾರ ತಡೆಯುವ ಹಾಗೆ ದಾರಿ ಕೇಳಿ. ಉಳಿದಿದ್ದ ಟೈಲ್ಸ್ ಮೇಲೆ ಮಳೆಯಲ್ಲಿ ಸೈಕಲ್ ಜಾರುತ್ತಿತ್ತು, ನುಣುಪಿನದಂತೂ ಬೇಡವೇ ಬೇಡ.

ವಾಸನೆ ವಿಷಯವನ್ನೂ ಬಿಡಬೇಡಿ. ವೃಷಭಾವತಿ ನಮ್ಮ ಬಸವನಗುಡಿಯಲ್ಲಿ ಹುಟ್ಟಿದ ಹೊಳೆ ಅನ್ನುತ್ತಾರೆ, ಇವತ್ತು ಅದರಲ್ಲಿ ಜಾಸ್ತಿ ಹರಿಯುತ್ತಿರುವುದು ಕೊಳಚೆ. ಕೋರಮಂಗಲ ಕಣಿವೆಯ ರಾಜಕಾಲುವೆಯನ್ನು ಸರಿಪಡಿಸುವ ಕೆ-100 ಯೋಜನೆಯಲ್ಲಿ ಕಾಲುವೆಗೆ ಸೇರುವ ಕೊಳಚೆಯನ್ನು ಬೇರೆ ಕಡೆ ತಿರುಗಿಸುವುದೂ ಕೆಲಸದ ಭಾಗವಾಗಿತ್ತು. ನಿಮ್ಮ ಅರ್ಜಿಯಲ್ಲೂ ಅದು ಇರಲಿ. ಮೂಗು ಮುಚ್ಚಿಕೊಂಡು ಯಾರು ವಾಕಿಂಗ್ ಮಾಡುತ್ತಾರೆ, ಅಲ್ವಾ?

ಉತ್ತರ: 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಬದಲು ಐದು ಪಾಲಿಕೆಗಳಿವೆ. ನಿಮ್ಮ ಜಾಗ ಯಾರ ವ್ಯಾಪ್ತಿಗೆ ಬರುತ್ತದೆ ಅಂತ ನೋಡಿಕೊಂಡೇ ಅರ್ಜಿ ಕೊಡಿ. ಹೊಳೆಯ ಗಡಿ ಸರ್ವೆಯನ್ನೂ ಕೇಳಿ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರವಾಯಿತು. ಭಾನುವಾರ ಬೆಳಿಗ್ಗೆ ಟೇಪ್ ಹಿಡಿದು ಹೋಗುತ್ತಿದ್ದೇವೆ. ಸೈಕಲ್ ಬೇಡ ಅಂದ ಹಿರಿಯರನ್ನೂ ಕರೆದಿದ್ದೇನೆ, ಇಬ್ಬರು ಬರುತ್ತೇವೆ ಅಂದಿದ್ದಾರೆ.