ಫಸ್ಟ್ ಏಯ್ಡ್ ಕಿಟ್: ಯಾವ ಆಲ್ಬಂನಿಂದ ಶುರು ಮಾಡಲಿ? ಎರಡನೇ ದನಿ ಎಲ್ಲಿ ತಪ್ಪುತ್ತಿದೆ?

ಏಕತಾರಿ:
ಸ್ವೀಡನ್ನಿನ ಅಕ್ಕ-ತಂಗಿ ಯೊಹಾನಾ ಮತ್ತು ಕ್ಲಾರಾ ಸೋಡರ್‌ಬರ್ಗ್ ಅವರ ಜೋಡಿ ‘ಫಸ್ಟ್ ಏಯ್ಡ್ ಕಿಟ್’ನ ಆಲ್ಬಂಗಳನ್ನು ಬಂದ ಕ್ರಮದಲ್ಲೇ ಕೇಳಬೇಕಾ? ಇನ್ನೊಂದು ಪ್ರಶ್ನೆ. ಇಬ್ಬರು ಹುಡುಗಿಯರಿಗೆ ಈ ಥರದ ಹಾರ್ಮನಿ ಕಲಿಸಬೇಕು. ಒಬ್ಬಳು ‘ಸ’ ಹಾಡಿದರೆ ಇನ್ನೊಬ್ಬಳು ‘ಗ’, ಹೀಗೆ ಒಂದು ಸ್ವರ ಬಿಟ್ಟು ಹಿಡಿಸಿದರೆ ಕೆಲವು ಕಡೆ ಚೆನ್ನಾಗಿ ಕೂಡುತ್ತೆ, ಕೆಲವು ಕಡೆ ಗಿಟಾರ್ ಜೊತೆ ಜಗಳಕ್ಕೆ ಬೀಳುತ್ತೆ. ಯಾಕೆ?

ಹಳೇರೆಕಾರ್ಡು:
ಕ್ರಮ ಬೇಡ. 2012ರ ‘ದ ಲಯನ್ಸ್ ರೋರ್’ ಮೊದಲು ಕೇಳಿ. ಅಮೆರಿಕದ ಒಮಾಹಾದಲ್ಲಿ ಮೈಕ್ ಮೋಗಿಸ್ ನಿರ್ಮಾಣದಲ್ಲಿ ಆದದ್ದು. ಅದರಲ್ಲಿರುವ ‘ಎಮ್ಮಿಲೂ’ ಹಾಡು ಎಮ್ಮಿಲೂ (ಹ್ಯಾರಿಸ್)-ಗ್ರ್ಯಾಮ್ (ಪಾರ್ಸನ್ಸ್), ಜೂನ್ (ಕಾರ್ಟರ್)-ಜಾನಿ (ಕ್ಯಾಶ್) ಎಂಬ ಅಮೆರಿಕದ ಕಂಟ್ರಿ ಗಾಯಕ ಜೋಡಿಗಳ ಹೆಸರನ್ನೇ ಹಿಡಿದು ಜೊತೆಗೂಡಿ ಹಾಡೋಣ ಬಾ ಅನ್ನುತ್ತೆ, ನಿಮ್ಮ ಪಾಠಕ್ಕೆ ಹೇಳಿ ಮಾಡಿಸಿದ್ದು. ಆಮೇಲೆ ಹಿಂದಕ್ಕೆ ಹೋಗಿ 2010ರ ‘ದ ಬಿಗ್ ಬ್ಲ್ಯಾಕ್ ಅಂಡ್ ದ ಬ್ಲೂ’ ಕೇಳಿ. ಅಪ್ಪ ಬೆಂಕ್ಟ್ ನಿರ್ಮಿಸಿದ ಆಲ್ಬಂ. ವಾದ್ಯ ಕಡಿಮೆ, ಎರಡು ದನಿ ಬಿಡಿಬಿಡಿಯಾಗಿ ಕೇಳಿಸುತ್ತೆ.

2014ರ ‘ಸ್ಟೇ ಗೋಲ್ಡ್’ಗೂ ಮೋಗಿಸ್ ಅವರೇ, ಆದರೆ ಆರ್ಕೆಸ್ಟ್ರಾ ಸೇರಿದೆ. ನನಗೆ ಸ್ವಲ್ಪ ಸಕ್ಕರೆ ಜಾಸ್ತಿ ಅನಿಸುತ್ತೆ. 2018ರ ‘ರೂಯಿನ್ಸ್’ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ನಿರ್ಮಾಪಕ ಟಕರ್ ಮಾರ್ಟೀನ್ ಜೊತೆ ಮಾಡಿದ್ದು. 2022ರ ‘ಪ್ಯಾಲೊಮಿನೊ’ಗೆ ಮತ್ತೆ ಸ್ವೀಡನ್ನಿಗೇ ವಾಪಸ್, ಪಾಪ್ ಕಡೆ ವಾಲಿದೆ.

ಹುಡುಗಿಯರಿಗೆ ತೋರಿಸಬೇಕಾದ್ದು ಮಾತ್ರ 2008ರ ಯೂಟ್ಯೂಬ್ ವಿಡಿಯೊ. ಕಾಡಿನಲ್ಲಿ ಒಂದೇ ಗಿಟಾರ್ ಇಟ್ಟುಕೊಂಡು ಅಮೆರಿಕದ ಫ್ಲೀಟ್ ಫಾಕ್ಸಸ್ ತಂಡದ ಹಾಡು ಹಾಡಿದ್ದಾರೆ. ಅವರನ್ನು ಜನ ಗುರುತಿಸಿದ್ದೇ ಅದರಿಂದ.

ಶ್ರುತಿಪೆಟ್ಟಿಗೆ:
ಜಗಳ ಇರುವುದು ಕಾರ್ಡ್ ಜೊತೆ, ಅಂದರೆ ಗಿಟಾರ್ ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನ ಜೊತೆ. ಶಂಕರಾಭರಣದ ಸ್ವರಗಳನ್ನೇ ಇಟ್ಟುಕೊಳ್ಳಿ. ಗಿಟಾರ್ ಸ-ಗ-ಪ ಕಾರ್ಡ್ ಹಿಡಿದಿದೆ, ಮುಖ್ಯ ದನಿ ‘ರಿ’ ಮೇಲೆ ನಿಂತಿದೆ ಅನ್ನಿ. ನಿಮ್ಮ ಲೆಕ್ಕದಲ್ಲಿ ಎರಡನೆಯವಳು ‘ಮ’ ಹಾಡುತ್ತಾಳೆ. ಕಾರ್ಡಿನ ‘ಗ’ಕ್ಕೂ ಆ ‘ಮ’ಕ್ಕೂ ಅರ್ಧ ಸ್ವರದ ಅಂತರ, ಕಿರಿಕಿರಿ ಅಲ್ಲೇ. ಅಲ್ಲಿ ‘ಪ’ ಹಿಡಿಸಿ. ದನಿ ಓಡುತ್ತಿರುವಾಗ ‘ಮ’ ಬಂದು ಹೋದರೆ ತೊಂದರೆಯಿಲ್ಲ, ನಿಂತರೆ ಮಾತ್ರ ಬದಲಿಸಿ.

ಹುಡುಗಿಯರು ಕರ್ನಾಟಕ ಸಂಗೀತ ಪಾಠಕ್ಕೆ ಹೋದವರಾದರೆ ಇನ್ನೆರಡು ಗಮನಿಸಿ. ತಂಬೂರಿಗೆ ಪಳಗಿದ ಕಿವಿ ಅಂತರ ಗಾಂಧಾರವನ್ನು (ಶಂಕರಾಭರಣದ ‘ಗ’) ಗಿಟಾರಿಗಿಂತ ಸುಮಾರು 14 ಸೆಂಟ್ಸ್ (ಅರ್ಧ ಸ್ವರಕ್ಕೆ ನೂರು ಸೆಂಟ್ಸ್) ಕೆಳಗೆ ಹಿಡಿಯುತ್ತೆ. ಗಿಟಾರ್ ಇಲ್ಲದ ಸಾಲಿನಲ್ಲಿ ಅದೇ ಚೆಂದ, ಗಿಟಾರ್ ಇದ್ದಾಗ ಕೊಂಚ ಏರಿಸಬೇಕು. ಗಮಕವನ್ನಂತೂ ಪೂರ್ತಿ ಬಿಡಿಸಿ. ಒಬ್ಬಳು ಕಂಪಿತ (ಸ್ವರ ಅಲುಗಿಸುವ ಗಮಕ) ಹಾಕಿದರೂ ಕೂಡಿದ್ದು ಒಡೆಯುತ್ತೆ.

ಏಕತಾರಿ:
‘ಪ’ ಹಿಡಿಸಿ ನೋಡಿದೆ, ಕೂತಿತು ಸರ್. ಈಗ ಸಾಲಿನ ಕೊನೆ ಚದುರುತ್ತಿದೆ.

ಹಳೇರೆಕಾರ್ಡು:
ಅದು ಉಸಿರಿನ ತಪ್ಪು, ಶ್ರುತಿಯದಲ್ಲ. ಸಾಹಿತ್ಯದ ಹಾಳೆಯಲ್ಲಿ ಉಸಿರೆಳೆಯುವ ಜಾಗಕ್ಕೆಲ್ಲ ಪೆನ್ಸಿಲ್ ಗೆರೆ ಹಾಕಿ, ಕೊನೆಯ ವ್ಯಂಜನ ಎಷ್ಟನೇ ತಾಳಕ್ಕೆ ಮುಚ್ಚಬೇಕು ಅಂತಲೂ ಬರೆದಿಡಿ. ಗಿಟಾರ್ ಇಳಿಸಿ, ಎದುರುಬದುರು ಕೂತು, ಒಬ್ಬರ ಬಾಯಿ ಒಬ್ಬರು ನೋಡುತ್ತಾ ಮೊದಲು ಅರ್ಧ ವೇಗದಲ್ಲಿ ಹಾಡಲಿ.