ಅಪ್‌ಡೇಟ್: ಅಫೀಮಿನ ಚಟವಿರುವ ಹೃದ್ರೋಗಿಯ ರೋಗನಿರೋಧಕ ಶಕ್ತಿ

ಹೃದಯದ ರಕ್ತನಾಳಗಳು ಕಟ್ಟಿಕೊಂಡಿರುವ ನಮ್ಮ ದೊಡ್ಡಪ್ಪನವರಿಗೆ ಬಹುಕಾಲದಿಂದ ಅಫೀಮಿನ ಚಟವಿದ್ದು, ಬೈಪಾಸ್ ಶಸ್ತ್ರಚಿಕಿತ್ಸೆಯ ನಂತರ ಸೋಂಕನ್ನು ಎದುರಿಸುವ ಶಕ್ತಿ ಅದರಿಂದ ಕುಗ್ಗಬಹುದೇ ಎಂದು ಹಿಂದೆ ಕೇಳಿದ್ದೆ. ಹೃದ್ರೋಗ ತಜ್ಞರೊಡನೆ ವಿವರವಾಗಿ ಚರ್ಚಿಸಿದ್ದಾಯಿತು. ಕುಗ್ಗಬಹುದು ಎಂಬುದೇ ಅವರ ಉತ್ತರ.

ಅಫೀಮಿನಲ್ಲಿರುವ ಮಾರ್ಫಿನ್ ಮಿದುಳಿನಲ್ಲಿರುವಂತೆಯೇ ಬಿಳಿ ರಕ್ತಕಣಗಳ ಮೇಲೂ ಇರುವ ಗ್ರಾಹಕಗಳಿಗೆ (ರಾಸಾಯನಿಕ ಸಂಕೇತಗಳನ್ನು ಹಿಡಿದುಕೊಳ್ಳುವ ಭಾಗಗಳಿಗೆ) ಅಂಟಿಕೊಳ್ಳುವುದರಿಂದ, ರೋಗಾಣುಗಳನ್ನು ನುಂಗಿಹಾಕುವ ಮ್ಯಾಕ್ರೋಫೇಜ್‌ಗಳು ಮಂದವಾಗುತ್ತವೆ ಮತ್ತು ಸೋಂಕು ತಗುಲಿದ ಜೀವಕೋಶಗಳನ್ನು ಕೊಲ್ಲುವ ಎನ್‌ಕೆ (ನ್ಯಾಚುರಲ್ ಕಿಲ್ಲರ್) ಕಣಗಳ ಚುರುಕು ತಗ್ಗುತ್ತದೆ. ಹಾಗೆಂದು ಧಮನಿಯ ಗೋಡೆಯಲ್ಲಿನ ಉರಿಯೂತವೂ ಶಮನವಾಗಿ ಹೃದಯಕ್ಕೆ ಒಳಿತಾಗುತ್ತದೆ ಎಂದು ಭಾವಿಸುವಂತಿಲ್ಲ. ಅಫೀಮು ಹೃದಯವನ್ನು ಕಾಪಾಡುತ್ತದೆಂಬ ನಂಬಿಕೆ (ದೊಡ್ಡಪ್ಪನವರದೂ ಇದೇ ವಾದ) ಇರಾನಿನಲ್ಲಿ ವ್ಯಾಪಕವಾಗಿದ್ದರೂ, ಅಲ್ಲಿನ ಗೋಲೆಸ್ತಾನ್ ಪ್ರಾಂತ್ಯದಲ್ಲಿ ಸುಮಾರು 50,000 ಜನರನ್ನು ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವು ಅಫೀಮು ಸೇವಿಸುವವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದಾಗುವ ಸಾವು ಹೆಚ್ಚೆಂದೇ ತೋರಿಸಿತು.

ನನಗೆ ಹೆಚ್ಚು ಮುಖ್ಯವೆನಿಸಿದ್ದು ಬೇರೆ ಎರಡು ಮಾತುಗಳು. ಮಾರ್ಫಿನ್ ಜಠರದ ಚಲನೆಯನ್ನು ನಿಧಾನಗೊಳಿಸುವುದರಿಂದ, ರಕ್ತ ಹೆಪ್ಪುಗಟ್ಟದಂತೆ ನುಂಗುವ ಕ್ಲೊಪಿಡೊಗ್ರೆಲ್‌ನಂಥ ಮಾತ್ರೆಗಳು ತಡವಾಗಿ ಕೆಲಸ ಆರಂಭಿಸಬಹುದು. ಇನ್ನು ಚಟವನ್ನು ಒಮ್ಮೆಲೇ ಬಿಡಿಸಿದರೆ ರಕ್ತದೊತ್ತಡವೂ ನಾಡಿಬಡಿತವೂ ಏರಿ, ಈಗಾಗಲೇ ಬಳಲಿದ ಹೃದಯದ ಮೇಲೆ ಹೊರೆ ಬೀಳುತ್ತದೆ. ಆದ್ದರಿಂದ ವ್ಯಸನಮುಕ್ತಿ ತಜ್ಞರ ಮೇಲ್ವಿಚಾರಣೆಯಲ್ಲಿ ಹಂತಹಂತವಾಗಿ ಬಿಡಿಸುವುದೆಂದೂ, ಅರಿವಳಿಕೆ ವೈದ್ಯರಿಗೆ ಸೇವನೆಯ ಪ್ರಮಾಣವನ್ನು ಮುಚ್ಚಿಡದೆ ತಿಳಿಸುವುದೆಂದೂ ನಿರ್ಧಾರವಾಗಿದೆ. ದೊಡ್ಡಪ್ಪನವರು ಗೊಣಗುತ್ತಲೇ ಒಪ್ಪಿದ್ದಾರೆ.